ಅಗಲದ ಕೊರತೆಗೆ ಉದ್ದದ ಬೂಟು ಮದ್ದಲ್ಲ

ಪ್ರಶ್ನೆ: ಡಾಕ್ಟರರಿಗೆ ನಮಸ್ಕಾರ. ನಾನು ಸವದತ್ತಿ ತಾಲ್ಲೂಕಿನ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ನನ್ನ ಕಿರಿಯ ಮಗ ಅಗ್ನಿವೀರನಾಗಿ ಆಯ್ಕೆಯಾಗಿ ಆರು ವಾರಗಳಿಂದ ತರಬೇತಿಯಲ್ಲಿದ್ದಾನೆ. ಹೊಲದಲ್ಲಿ ಬರಿಗಾಲಿನಲ್ಲಿ ಓಡಾಡಿ ಬೆಳೆದ ಹುಡುಗ, ಓಟದಲ್ಲಿ ಊರಿಗೇ ಮೊದಲು. ಈಗ ಫೋನ್ ಮಾಡಿದಾಗಲೆಲ್ಲ ಕಾಲಿನದೇ ಮಾತು. ಎರಡೂ ಹಿಮ್ಮಡಿಗಳಲ್ಲಿ ಬೊಬ್ಬೆ ಎದ್ದಿದೆ, ಹೆಬ್ಬೆರಳಿನ ಉಗುರು ಕಪ್ಪಾಗಿದೆ, ಕಿರುಬೆರಳಿನ ಮೇಲೆ ಆಣಿಯಾಗುತ್ತಿದೆ. ಚಪ್ಪಲಿಯಲ್ಲಿ ಅವನದು ಎಂಟನೇ ನಂಬರು. ಎಂಟರ ಬೂಟು ಅಗಲದಲ್ಲಿ ಬಿಗಿಯಾಯಿತೆಂದು ಒಂಬತ್ತನ್ನು ತೆಗೆದುಕೊಂಡನಂತೆ. ‘ಬೂಟು ಕಾಲಿಗೆ ಒಗ್ಗುವುದಿಲ್ಲ, ಕಾಲೇ ಬೂಟಿಗೆ ಒಗ್ಗಬೇಕು’ ಎಂದು ಜೊತೆಯ ಹುಡುಗರು ಹೇಳುತ್ತಾರಂತೆ. ಹೊರಗಡೆ ಒಳ್ಳೆಯ ದುಬಾರಿ ಬೂಟು ಕೊಂಡು ಕಳಿಸಲೇ? ಅವನ ತಾಯಿ ಹರಳೆಣ್ಣೆ ಕಳಿಸುತ್ತೇನೆ ಎನ್ನುತ್ತಾಳೆ. ದೂರು ಹೇಳಿದರೆ ಕೈಲಾಗದವನು ಎಂದುಕೊಂಡಾರು ಎಂಬ ಅಂಜಿಕೆ ಬೇರೆ ಅವನಿಗೆ.

ಉತ್ತರ: ಮಾಸ್ತರರೇ, ‘ಎಂಟು ಬಿಗಿಯಾಯಿತೆಂದು ಒಂಬತ್ತನ್ನು ತೆಗೆದುಕೊಂಡ’ ಎಂಬ ನಿಮ್ಮ ಒಂದು ಸಾಲಿನಲ್ಲೇ ಕಾಯಿಲೆಯ ಮೂಲ ಸಿಕ್ಕಿತು. ಹದಿನಾಲ್ಕು ವರ್ಷ ಸೇನೆಯ ವೈದ್ಯಕೀಯ ದಳದಲ್ಲಿ ಇದ್ದು, ಆಮೇಲೆ ಊರಲ್ಲಿ ಮೂಳೆ ವೈದ್ಯನಾಗಿ ಕುಳಿತವನು ನಾನು. ಇದೇ ಮಾತನ್ನು ಎಷ್ಟು ಹುಡುಗರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಹಿಮ್ಮಡಿಯ ಬೊಬ್ಬೆ, ಕಪ್ಪಾದ ಉಗುರು, ಕಿರುಬೆರಳಿನ ಆಣಿ, ಇವು ಮೂರೂ ಒಂದೇ ಕಾಲಿನಲ್ಲಿ ಕಂಡರೆ ಆ ಬೂಟು ಉದ್ದದಲ್ಲಿ ಹೆಚ್ಚು, ಅಗಲದಲ್ಲಿ ಇನ್ನೂ ಕಡಿಮೆ ಎಂದೇ ಬಹುಪಾಲು ಅರ್ಥ.

ಉಗುರು ಕಪ್ಪಾಗುವುದು ಬೂಟು ಗಿಡ್ಡವಾದಾಗಲ್ಲವೇ ಎಂದು ನೀವು ಕೇಳಬಹುದು. ಗಿಡ್ಡವಾದರೂ ಆಗುತ್ತದೆ, ಉದ್ದವಾದರೂ ಆಗುತ್ತದೆ. ಎತ್ತು ಥಟ್ಟನೆ ನಿಂತರೆ ಗಾಡಿಯಲ್ಲಿ ಸಡಿಲವಾಗಿ ಹೇರಿದ ಮೂಟೆ ಮುಂದಕ್ಕೆ ಜಾರುತ್ತದಲ್ಲ, ಹಾಗೆ. ಡ್ರಿಲ್‌ನಲ್ಲಿ ‘ಥಮ್’ (ನಿಲ್ಲು) ಎಂದಾಗ, ಓಟದಲ್ಲಿ ಇಳಿಜಾರು ಬಂದಾಗ, ಉದ್ದದ ಬೂಟಿನೊಳಗೆ ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ತುದಿಗೆ ಗುದ್ದುತ್ತದೆ. ದಿನಕ್ಕೆ ಸಾವಿರಾರು ಸಲ ಗುದ್ದಿದರೆ ಉಗುರಿನ ಕೆಳಗೆ ರಕ್ತ ಕಟ್ಟದೆ ಏನಾಗುತ್ತದೆ? ಮುಂದೆ ಜಾರಿದ ಪಾದಕ್ಕೆ ಹಿಂದೆ ಜಾಗ ಉಳಿಯುತ್ತದೆ. ಪ್ರತಿ ಹೆಜ್ಜೆಗೂ ಹಿಮ್ಮಡಿ ಮೇಲೆದ್ದು ಕೂರುತ್ತದೆ. ಬೊಬ್ಬೆ ಹುಟ್ಟುವುದು ಅಲ್ಲಿ.

ಈಗ ನಂಬರಿನ ಲೆಕ್ಕ ನೋಡೋಣ. ನಮ್ಮಲ್ಲಿ ನಡೆಯುವುದು ಬ್ರಿಟಿಷರು ಬಿಟ್ಟುಹೋದ ಅಳತೆ. ಅದರಲ್ಲಿ ಒಂದು ನಂಬರಿಗೂ ಇನ್ನೊಂದಕ್ಕೂ ನಡುವಿನ ಅಂತರ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು ಎಂಟೂವರೆ ಮಿಲಿಮೀಟರ್. ಒಂದು ಬಾರ್ಲಿ ಕಾಳಿನ ಉದ್ದವನ್ನು ಹಿಡಿದು ಅವರು ಮಾಡಿಕೊಂಡ ಲೆಕ್ಕ ಅದು. ನಗಬೇಡಿ, ನಮ್ಮ ಹಳೆಯ ಲೆಕ್ಕದಲ್ಲೂ ಎಂಟು ಜವೆಗೆ, ಅಂದರೆ ಅದೇ ಬಾರ್ಲಿ ಕಾಳಿಗೆ, ಒಂದು ಅಂಗುಲವೇ. ವಿಷಯ ಏನೆಂದರೆ, ಒಂದು ನಂಬರು ಮೇಲೇರಿದಾಗ ಉದ್ದ ಎಂಟೂವರೆ ಮಿಲಿಮೀಟರ್ ಹೆಚ್ಚಾಗುತ್ತದೆ. ಅಟ್ಟೆಯ ಅಗಲ ಹೆಚ್ಚಾಗುವುದು ಹೆಚ್ಚು ಕಡಿಮೆ ಎರಡೇ ಮಿಲಿಮೀಟರ್. ನಿಮ್ಮ ಮಗ ಎರಡು ಮಿಲಿಮೀಟರ್ ಅಗಲದ ಆಸೆಗೆ ಎಂಟೂವರೆ ಮಿಲಿಮೀಟರ್ ಉದ್ದವನ್ನು ಬೇಡದೆ ಹೊತ್ತುಕೊಂಡಿದ್ದಾನೆ. ಕಿರುಬೆರಳಿಗೆ ಆ ಎರಡು ಮಿಲಿಮೀಟರೂ ಸಾಲಲಿಲ್ಲ ಎಂಬುದಕ್ಕೆ ಆಣಿಯೇ ಸಾಕ್ಷಿ.

ಉದ್ದದ ಬೂಟು ಮಾಡುವ ಇನ್ನೊಂದು ಕೆಡುಕು ಕಣ್ಣಿಗೆ ಬೀಳುವುದಿಲ್ಲ. ಪಾದ ಎಲ್ಲೆಂದರಲ್ಲಿ ಬಾಗುವುದಿಲ್ಲ, ಬೆರಳುಗಳ ಬುಡದ ಗೆರೆಯಲ್ಲಿ ಮಾತ್ರ ಬಾಗುತ್ತದೆ. ಬೂಟಿಗೂ ಅಂಥದೊಂದು ಬಾಗುವ ಗೆರೆ ಇರುತ್ತದೆ, ಅದರ ಅತಿ ಅಗಲವಾದ ಜಾಗವೂ ಅದೇ. ಎರಡೂ ಗೆರೆಗಳು ಒಂದರ ಮೇಲೊಂದು ಕೂತರೆ ಮಾತ್ರ ಬೂಟು ಕಾಲಿನ ಜೊತೆ ನಡೆಯುತ್ತದೆ. ಹಾಗಾಗಿ ಹಿಮ್ಮಡಿಯಿಂದ ಬೆರಳ ತುದಿಯವರೆಗಿನ ಉದ್ದಕ್ಕಿಂತ ಹಿಮ್ಮಡಿಯಿಂದ ಹೆಬ್ಬೆರಳಿನ ಬುಡದ ಗಂಟಿನವರೆಗಿನ ಉದ್ದ ಮುಖ್ಯ. 1920ರ ದಶಕದಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾನಾಕ್ ಎಂಬಾತ ಮಾಡಿದ ಅಳತೆ ಪಟ್ಟಿ ಇಂದಿಗೂ ದೊಡ್ಡ ಅಂಗಡಿಗಳಲ್ಲಿ ಕಾಣಸಿಗುತ್ತದೆ. ಅದರಲ್ಲಿ ಈ ಎರಡು ಉದ್ದಗಳನ್ನೂ ಅಗಲವನ್ನೂ ಬೇರೆ ಬೇರೆಯಾಗಿ ಓದುವ ವ್ಯವಸ್ಥೆ ಇರುವುದು ಇದೇ ಕಾರಣಕ್ಕೆ. ಬೂಟಿನ ಅಗಲವಾದ ಜಾಗ ಮುಂದಕ್ಕೆ ಸರಿದಿದ್ದರೆ ಪಾದದ ಅಗಲವಾದ ಭಾಗ ಬೂಟಿನ ಸಣಕಲು ಸೊಂಟದಲ್ಲಿ ಸಿಕ್ಕಿಕೊಳ್ಳುತ್ತದೆ. ಅಂದರೆ ಉದ್ದದ ಬೂಟು ಕೆಲವು ಸಲ ಇನ್ನೂ ಬಿಗಿ ಎನಿಸುತ್ತದೆ! ಆಗ ಹುಡುಗ ಹತ್ತನೇ ನಂಬರು ಕೇಳುತ್ತಾನೆ.

ತಪ್ಪು ಅವನೊಬ್ಬನದಲ್ಲ. ಬೂಟು ಹಂಚುವ ದಿನದ ಒಂದು ಚಿತ್ರ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಊರು, ಕೇಂದ್ರದ ಹೆಸರು ಬೇಡ. ಬೆಳಿಗ್ಗೆ ಏಳು ಗಂಟೆ. ಹೊಸದಾಗಿ ತಲೆ ಬೋಳಿಸಿಕೊಂಡ ಹುಡುಗರ ಉದ್ದ ಸಾಲು. ಕೌಂಟರಿನ ಆಚೆ ಸ್ಟೋರಿನವನು ತಲೆಯೆತ್ತದೆ ‘ನಂಬರ್?’ ಎನ್ನುತ್ತಾನೆ. ಹುಡುಗ ತನ್ನ ಚಪ್ಪಲಿಯ ನಂಬರು ಹೇಳುತ್ತಾನೆ. ಲೇಸುಗಳಿಂದ ಗಂಟು ಹಾಕಿದ ಜೋಡಿ ಟಪ್ಪೆಂದು ಬೀಳುತ್ತದೆ. ಹುಡುಗ ನೆಲದ ಮೇಲೆ ಕುಳಿತು, ಬರಿಗಾಲನ್ನು ಒಂದೇ ಬೂಟಿನೊಳಗೆ ತುರುಕಿ, ಎದ್ದು ನಿಲ್ಲದೆಯೇ ‘ಠೀಕ್ ಹೈ ಸಾಬ್’ ಎಂದುಬಿಡುತ್ತಾನೆ. ಹಿಂದೆ ನೂರು ಜನ ಕಾಯುತ್ತಿದ್ದಾರೆ, ಮುಂದೆ ಹಿಂದಿ ಬಾರದ ಸಂಕೋಚ. ಮುಗಿಯಿತು. ಮುಂದಿನ 31 ವಾರಗಳ ಭವಿಷ್ಯವನ್ನು ಆ ಅರ್ಧ ನಿಮಿಷ ಬರೆದಿರುತ್ತದೆ.

ಆ ಅರ್ಧ ನಿಮಿಷದಲ್ಲಿ ಎಷ್ಟು ತಪ್ಪುಗಳಿವೆ ಎಂಬುದನ್ನು ನೂರು ವರ್ಷಗಳಿಗೂ ಹಿಂದೆಯೇ ಒಬ್ಬರು ಎಣಿಸಿ ತೋರಿಸಿದ್ದಾರೆ. ಅಮೆರಿಕದ ಸೇನಾ ವೈದ್ಯ ಎಡ್ವರ್ಡ್ ಮನ್ಸನ್ ಮತ್ತು ಅವರ ಮಂಡಳಿ ಸುಮಾರು 2000 ಸೈನಿಕರ ಪಾದಗಳನ್ನು ವರ್ಷಗಟ್ಟಲೆ ಅಳೆದು ನೋಡಿದರು. 1912ರಲ್ಲಿ ಅವರು ಕೊಟ್ಟ ಸಲಹೆ ಸರಳವಾಗಿತ್ತು. ಬೂಟಿನ ಅಚ್ಚು ಪಾದದ ಆಕಾರದಲ್ಲಿರಲಿ, ಬೆರಳುಗಳಿಗೆ ಹರಡಲು ಜಾಗವಿರಲಿ, ಅಳತೆ ತೆಗೆಯುವಾಗ ಸೈನಿಕ ಕಾಲುಚೀಲ ಹಾಕಿಕೊಂಡು, ಬೆನ್ನ ಮೇಲೆ 40 ಪೌಂಡ್ ಭಾರ ಹೊತ್ತು ನಿಂತಿರಲಿ. 40 ಪೌಂಡ್ ಎಂದರೆ ನಮ್ಮ ಸುಮಾರು 18 ಕಿಲೋ. ಕುಳಿತ ಕಾಲೇ ಬೇರೆ, ಭಾರ ಹೊತ್ತು ನಿಂತ ಕಾಲೇ ಬೇರೆ. ಭಾರ ಬಿದ್ದಾಗ ಪಾದದ ಕಮಾನು ಕುಸಿದು ಪಾದ ಉದ್ದಕ್ಕೂ ಅಗಲಕ್ಕೂ ಕೆಲವು ಮಿಲಿಮೀಟರ್ ಹರಡುತ್ತದೆ. ಇಡೀ ದಿನ ನಿಂತು ನಡೆದ ಮೇಲೆ ಊದಿಕೊಂಡು ಇನ್ನಷ್ಟು ದೊಡ್ಡದಾಗುತ್ತದೆ. ಆದ್ದರಿಂದ ಬೂಟನ್ನು ಸಂಜೆ ನೋಡಬೇಕು, ನಿಂತು ನೋಡಬೇಕು, ತರಬೇತಿಯಲ್ಲಿ ಹಾಕುವ ಅದೇ ದಪ್ಪ ಕಾಲುಚೀಲದೊಂದಿಗೆ, ಪಿಟ್ಟೂ (ಸೈನಿಕರ ಬೆನ್ನುಚೀಲ) ಹೊತ್ತು ನೋಡಬೇಕು. ಎರಡೂ ಕಾಲಿಗೆ ಹಾಕಿ ನೋಡಬೇಕು. ಬಹಳ ಜನರಿಗೆ ಒಂದು ಪಾದ ಇನ್ನೊಂದಕ್ಕಿಂತ ತುಸು ದೊಡ್ಡದು. ಅಳತೆ ಯಾವಾಗಲೂ ದೊಡ್ಡ ಕಾಲಿನದು.

ನಮ್ಮ ಹುಡುಗರ ವಿಷಯದಲ್ಲಿ ಅಗಲದ ತಕರಾರಿಗೆ ಬೇರೊಂದು ಕಾರಣವೂ ಇದೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆಗಳಲ್ಲಿ 1,01,880 ಜನರ ಪಾದಗಳನ್ನು ಯಂತ್ರದಿಂದ ಅಳೆದರು. ಭಾರತೀಯರ ಪಾದ ಯುರೋಪಿಯನ್ನರ, ಅಮೆರಿಕನ್ನರ ಪಾದಗಳಿಗಿಂತ ಅಗಲ ಎಂಬುದು ಅದರಲ್ಲಿ ಕಂಡುಬಂತು. ಪರದೇಶದ ಪಾದಕ್ಕೆ ಹೊಂದುವ ಅಚ್ಚಿನ ಮೆಟ್ಟಿನಲ್ಲಿ ನಮ್ಮವರು ಒಂದೆರಡು ನಂಬರು ದೊಡ್ಡದನ್ನು ಹಾಕಿಕೊಂಡು ಕಾಲ ತಳ್ಳುತ್ತಿದ್ದೇವೆ. ‘ಭ’ ಎಂಬ ಹೆಸರಿನ ದೇಶೀ ಅಳತೆಯ ಯೋಜನೆ ಹುಟ್ಟಿದ್ದು ಈ ಸಮೀಕ್ಷೆಯಿಂದಲೇ. ಅದೇ ಸಮೀಕ್ಷೆಯಲ್ಲಿ ಇನ್ನೊಂದು ಮಾತಿದೆ: ಗಂಡುಮಕ್ಕಳ ಪಾದದ ಬೆಳವಣಿಗೆ ಹದಿನೈದು ಹದಿನಾರರ ಹೊತ್ತಿಗೆ ಮುಗಿಯುತ್ತದೆ. ಹದಿನೇಳೂವರೆ ದಾಟಿ ಸೇನೆ ಸೇರುವ ಹುಡುಗನಿಗೆ ‘ಬೆಳೆಯುವ ಕಾಲು, ಒಂದು ನಂಬರು ದೊಡ್ಡದೇ ಇರಲಿ’ ಎಂಬ ನಮ್ಮ ಜೂನ್ ತಿಂಗಳ ಶಾಲೆ ಶೂಗಳ ಲೆಕ್ಕ ನಡೆಯುವುದಿಲ್ಲ.

ಬರಿಗಾಲಿನಲ್ಲಿ ಬೆಳೆದದ್ದೇ ತೊಂದರೆಯಾಯಿತೇ ಎಂಬ ಹಳಹಳಿಕೆ ನಿಮ್ಮ ಪತ್ರದಲ್ಲಿ ಇಣುಕುತ್ತಿದೆ. ಅದನ್ನು ಬಿಡಿ. ಮಣಿಪಾಲದ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ ಎಂಬ ವೈದ್ಯರು ನಾಲ್ಕರಿಂದ ಹದಿಮೂರು ವರ್ಷದ 2300 ಮಕ್ಕಳ ಹೆಜ್ಜೆಗುರುತುಗಳನ್ನು ನೋಡಿ 1992ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಶೂ ಹಾಕಿ ಬೆಳೆದ ಮಕ್ಕಳಲ್ಲಿ ಚಪ್ಪಟೆ ಪಾದ 8.6 ಪ್ರತಿಶತ, ಬರಿಗಾಲಿನ ಮಕ್ಕಳಲ್ಲಿ 2.8 ಪ್ರತಿಶತ. ನಿಮ್ಮ ಹುಡುಗ ನೇಮಕಾತಿಯ ವೈದ್ಯಕೀಯ ಪರೀಕ್ಷೆಯಲ್ಲಿ ಚಪ್ಪಟೆ ಪಾದದ ಕಾರಣಕ್ಕೆ ಹೊರಬೀಳದೆ ದಾಟಿದ್ದರಲ್ಲಿ ಆ ಹೊಲದ ಪಾಲೂ ಇರಬಹುದು. ಬೆರಳುಗಳು ಬಿಡಿಬಿಡಿಯಾಗಿ ಹರಡಿಕೊಂಡ ಗಟ್ಟಿ ಪಾದ ಅದು. ಅದಕ್ಕೆ ತಕ್ಕ ಅಗಲದ ಬೂಟು ಸಿಗಬೇಕು, ಅಷ್ಟೇ.

ಇನ್ನು ಬೊಬ್ಬೆಗೆ ಬರೋಣ. ಬೊಬ್ಬೆ ಎಂದರೆ ಚರ್ಮ ಉಜ್ಜಿ ಸವೆದದ್ದು ಎಂದು ಜನ ತಿಳಿಯುತ್ತಾರೆ. ನಿಜವಾಗಿ ಆಗುವುದು ಬೇರೆ. ನಿಮ್ಮ ಎಡಗೈ ಹಿಂಭಾಗದ ಮೇಲೆ ಬಲಗೈ ತೋರುಬೆರಳನ್ನು ಒತ್ತಿ ಹಿಡಿದು, ಜಾರಲು ಬಿಡದೆ ಹಿಂದೆ ಮುಂದೆ ಅಲ್ಲಾಡಿಸಿ ನೋಡಿ. ಬೆರಳು ಚರ್ಮದ ಮೇಲೆ ಜಾರುವುದಿಲ್ಲ, ಚರ್ಮವೇ ಒಳಗಿನ ಮೂಳೆಯ ಮೇಲೆ ಎಳೆದಾಡುತ್ತದೆ. ಬೂಟಿನಲ್ಲೂ ಹೀಗೆಯೇ. ಕಾಲುಚೀಲ ಚರ್ಮಕ್ಕೆ ಅಂಟಿಕೊಂಡಿದೆ, ಒಳಗೆ ಹಿಮ್ಮಡಿಯ ಮೂಳೆ ಮೇಲೆ ಕೆಳಗೆ ಹೋಗುತ್ತಿದೆ. ಈ ಎಳೆದಾಟದಲ್ಲಿ ಮೇಲ್ಚರ್ಮದ ಒಳಪದರ ಸೀಳುತ್ತದೆ, ಆ ಸೀಳಿನಲ್ಲಿ ನೀರು ತುಂಬುತ್ತದೆ. ಸಂಪೂರ್ಣ ಒಣಗಿದ ಚರ್ಮ ಜಾರುತ್ತದೆ, ಬೆವರಿನಿಂದ ತೇವವಾದ ಚರ್ಮ ಅಂಟುತ್ತದೆ. ಬೆವರು, ಬಿಸಿ, ಸಡಿಲ ಹಿಮ್ಮಡಿ ಮೂರೂ ಕೂಡಿದರೆ ಮೊದಲ ಐದು ಕಿಲೋಮೀಟರಿನಲ್ಲೇ ಬೊಬ್ಬೆ.

ಎದ್ದ ಬೊಬ್ಬೆ ಸಣ್ಣದಾಗಿದ್ದು ನೋಯದಿದ್ದರೆ ಅದನ್ನು ಮುಟ್ಟಬಾರದು. ದೊಡ್ಡದಾಗಿ ಬಿಗಿದು ನೋಯುತ್ತಿದ್ದರೆ ಎಂಐ ರೂಮಿನಲ್ಲಿ (ಸೇನಾ ಘಟಕದ ವೈದ್ಯಕೀಯ ತಪಾಸಣೆ ಕೋಣೆ) ಶುದ್ಧ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ತೆಗೆಸಲಿ. ಮೇಲಿನ ಚರ್ಮವನ್ನು ಕಿತ್ತೆಸೆಯಬಾರದು. ಅದಕ್ಕಿಂತ ಒಳ್ಳೆಯ ಪಟ್ಟಿ ಯಾವ ಔಷಧದ ಅಂಗಡಿಯಲ್ಲೂ ಸಿಗುವುದಿಲ್ಲ. ಹಳಬರು ಸೂಜಿದಾರ ಪೋಣಿಸಿ ದಾರವನ್ನು ಒಳಗೇ ಬಿಡುವ ಉಪಾಯ ಹೇಳಿಕೊಡುತ್ತಾರೆ. ಬೇಡ. ಆ ದಾರ ಕೀವಿಗೆ ಹಾಸಿಕೊಟ್ಟ ರಸ್ತೆ. ಸುತ್ತ ಕೆಂಪೇರಿ ಬಿಸಿಯಾದರೆ, ತೊಡೆಸಂದಿಯಲ್ಲಿ ಗಡ್ಡೆ ಕಟ್ಟಿದರೆ ಅದು ತಡೆದುಕೊಳ್ಳುವ ನೋವಲ್ಲ, ಅಂದೇ ವೈದ್ಯರಿಗೆ ತೋರಿಸಬೇಕು.

ಕಾಲುಚೀಲದ ಬಗ್ಗೆ ಎರಡು ಮಾತು. ನಾವು ಹತ್ತಿಯೇ ಶ್ರೇಷ್ಠ ಎಂದು ನಂಬಿದವರು. ಅಂಗಿಗೆ ಸರಿ, ಬೂಟಿನೊಳಗೆ ಅಲ್ಲ. ಹತ್ತಿ ಬೆವರನ್ನು ಹೀರಿಕೊಂಡು ಅಲ್ಲೇ ಹಿಡಿದಿಡುತ್ತದೆ, ಒದ್ದೆಯಾಗಿ ಮುದುಡಿ ಮಡಿಕೆ ಬೀಳುತ್ತದೆ. ಒಳಗೆ ತೆಳ್ಳಗಿನ ಪಾಲಿಯೆಸ್ಟರ್ ಕಾಲುಚೀಲ, ಮೇಲೆ ಉಣ್ಣೆ ಬೆರಕೆಯ ದಪ್ಪ ಕಾಲುಚೀಲ ಹಾಕಿದರೆ ಎಳೆದಾಟ ಚರ್ಮದಲ್ಲಿ ಆಗದೆ ಎರಡು ಬಟ್ಟೆಗಳ ನಡುವೆ ಆಗುತ್ತದೆ. ಇದು ಸೇನೆಗಳಲ್ಲಿ ಪರೀಕ್ಷೆಗೆ ನಿಂತ ಉಪಾಯ. ಆದರೆ ಎರಡು ಜೊತೆ ಹಾಕುವುದಾದರೆ ಬೂಟನ್ನೂ ಎರಡು ಜೊತೆ ಹಾಕಿಕೊಂಡೇ ಆರಿಸಬೇಕು. ಸರಿಯಾಗಿ ಕೂತ ಬೂಟಿಗೆ ಆಮೇಲೆ ಎರಡನೇ ಜೊತೆ ತುರುಕಿದರೆ ಅದು ಬಿಗಿ ಬೂಟೇ ಆಗುತ್ತದೆ. ಕಂಕುಳಿಗೆ ಹಚ್ಚುವ ಬೆವರು ತಡೆಯುವ ಔಷಧವನ್ನು ಪಾದಕ್ಕೆ ಹಚ್ಚಿ ನೋಡಿದ್ದೂ ಉಂಟು. ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಕೆಡೆಟ್‌ಗಳ ಮೇಲೆ ನಡೆದ ಪ್ರಯೋಗದಲ್ಲಿ ಬೊಬ್ಬೆ ಎದ್ದವರ ಪ್ರಮಾಣ 48 ಪ್ರತಿಶತದಿಂದ 21ಕ್ಕೆ ಇಳಿಯಿತು. ಅದನ್ನು ಹಚ್ಚಿಕೊಂಡವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಚರ್ಮದ ಉರಿ, ತುರಿಕೆ ಬಂತು. ನಾನಂತೂ ಬರೆದುಕೊಡುವುದಿಲ್ಲ.

ಹರಳೆಣ್ಣೆ ಕಳಿಸಲಿ, ತಾಯಿಯ ಮನಸ್ಸು ನೋಯಿಸುವುದು ಬೇಡ. ರಾತ್ರಿ ಹಿಮ್ಮಡಿಯ ಒಡಕಿಗೆ ಹಚ್ಚಿಕೊಳ್ಳಲು ಅದು ಚೆನ್ನ. ಬೆಳಿಗ್ಗೆ ಬೂಟು ಹಾಕುವ ಮೊದಲು ಹಚ್ಚಬಾರದು. ಎಣ್ಣೆ ಮೊದಲು ಒಂದು ಗಂಟೆ ಜಾರಿಸುತ್ತದೆ, ಆಮೇಲೆ ಬೆವರಿನ ಜೊತೆ ಸೇರಿ ಚರ್ಮವನ್ನು ಮೆದುಗೊಳಿಸಿ ಇನ್ನಷ್ಟು ಅಂಟಿಸುತ್ತದೆ.

ಮಳೆಗಾಲದಲ್ಲಿ ಬೂಟು ಒಣಗುವುದಿಲ್ಲ. ಗದ್ದೆ ನಾಟಿಯವರಿಗೆ ಆಗುವ ಕೆಸರುಹುಣ್ಣನ್ನು ನೀವು ನೋಡಿಯೇ ಇರುತ್ತೀರಿ. ಬಿಗಿ ಬೂಟಿನಲ್ಲಿ ಬೆರಳುಗಳು ಒತ್ತಿಕೊಂಡು ಸಂದಿಗೆ ಗಾಳಿ ಹೋಗದಿದ್ದರೆ ಆಗುವುದೂ ಅದರ ತಮ್ಮನೇ. ಎರಡು ಜೊತೆ ಬೂಟು ಇದ್ದರೆ ದಿನ ಬಿಟ್ಟು ದಿನ ಹಾಕಲಿ, ರಾತ್ರಿ ಒಳಗಿನ ಅಟ್ಟೆ ತೆಗೆದು ಹಳೆಯ ಪತ್ರಿಕೆ ತುರುಕಿಡಲಿ, ಬೆಂಕಿಯ ಹತ್ತಿರ ಒಣಗಿಸುವುದು ಬೇಡ. ಚರ್ಮ ಸೆಟೆದುಕೊಳ್ಳುತ್ತದೆ.

ಒದ್ದೆಗೆ ಚಳಿಯೂ ಸೇರಿದರೆ ಆಗುವುದನ್ನು ಇತಿಹಾಸ ನೋಡಿದೆ. ಮೊದಲ ಮಹಾಯುದ್ಧದಲ್ಲಿ, 1914ರ ಚಳಿಗಾಲದಲ್ಲಿ, ಫ್ರಾನ್ಸ್ ಮತ್ತು ಬೆಲ್ಜಿಯಂನ ನೀರು ತುಂಬಿದ ಕಂದಕಗಳಲ್ಲಿ ನಿಂತವರಲ್ಲಿ ನಮ್ಮ ಲಾಹೋರ್ ಮತ್ತು ಮೀರತ್ ಡಿವಿಜನ್‌ಗಳ ಸೈನಿಕರೂ ಇದ್ದರು. ಬ್ರಿಟಿಷ್ ಸೇನೆಯಲ್ಲಿ ಆ ಒಂದು ಚಳಿಗಾಲದಲ್ಲೇ ಸುಮಾರು 20,000 ಜನ ‘ಕಂದಕದ ಕಾಲು’ ಎಂಬ ಕಾಯಿಲೆಗೆ ಬಿದ್ದರು. ಪಾದ ಮರಗಟ್ಟಿ, ಊದಿ, ಕೆಲವರದು ಕೊಳೆತು ಕತ್ತರಿಸುವವರೆಗೆ ಹೋಯಿತು. ಹಿಮಗಟ್ಟುವಷ್ಟು ಚಳಿಯೇನೂ ಬೇಕಿಲ್ಲ ಇದಕ್ಕೆ. ಒದ್ದೆ, ತಂಪು, ಅಲುಗದೆ ನಿಲ್ಲುವುದು, ಅದರ ಮೇಲೆ ರಕ್ತ ಓಡಾಡಲು ಬಿಡದ ಬಿಗಿ ಬೂಟು ಮತ್ತು ಬಿಗಿದು ಸುತ್ತಿದ ಕಾಲುಪಟ್ಟಿ, ಇಷ್ಟು ಸಾಕು. ಆಮೇಲೆ ಜೋಡಿ ಜೋಡಿ ಸೈನಿಕರು ಒಬ್ಬರ ಪಾದವನ್ನು ಒಬ್ಬರು ನೋಡಬೇಕು, ತಿಮಿಂಗಿಲದ ಎಣ್ಣೆ ತಿಕ್ಕಬೇಕು, ಒಣಗಿದ ಕಾಲುಚೀಲ ಬದಲಿಸಬೇಕು ಎಂಬ ಕಟ್ಟಳೆ ಬಂತು. ಮೂವತ್ತು ವರ್ಷಗಳ ನಂತರ, 1944ರ ಚಳಿಗಾಲದಲ್ಲಿ, ಯುರೋಪಿನಲ್ಲಿ ಅಮೆರಿಕದ ಸೇನೆ ಇದೇ ಹಳ್ಳಕ್ಕೆ ಬಿತ್ತು. ಒಂದು ಜೊತೆ ಕಾಲುಚೀಲಕ್ಕೆ ಅಳೆದ ಬೂಟಿನೊಳಗೆ ಚಳಿಗೆಂದು ಎರಡು ಜೊತೆ ತುರುಕಿದರು. ಚಳಿಯಿಂದ ಕಾಲು ಕೆಡಿಸಿಕೊಂಡವರ ಸಂಖ್ಯೆ 40,000 ದಾಟಿತು. 1962ರಲ್ಲಿ ನಮ್ಮವರು ಹಿಮಾಲಯಕ್ಕೆ ಕ್ಯಾನ್ವಾಸ್ ಶೂಗಳಲ್ಲಿ ಹೋದ ಕಥೆಯನ್ನು ನೀವು ಮಕ್ಕಳಿಗೆ ಪಾಠ ಮಾಡುವಾಗ ಹೇಳಿಯೇ ಇರುತ್ತೀರಿ.

ಈಗ ನೀವು ಕೇಳದ ಒಂದು ವಿಷಯ, ನನ್ನ ಮಟ್ಟಿಗೆ ಬೊಬ್ಬೆಗಿಂತ ದೊಡ್ಡದು. 1855ರಲ್ಲಿ ಪ್ರಶ್ಯ ಎಂಬ ಆಗಿನ ಜರ್ಮನ್ ರಾಜ್ಯದ ಸೇನಾ ವೈದ್ಯ ಬ್ರೈಟ್‌ಹಾಪ್ಟ್ ದೂರ ನಡೆದ ಸೈನಿಕರ ಪಾದ ಊದಿ ನೋಯುವುದನ್ನು ಬರೆದಿಟ್ಟರು. ಏಕೆಂದು ಅವರಿಗೆ ತಿಳಿಯಲಿಲ್ಲ. ಶತಮಾನದ ಕೊನೆಗೆ ಎಕ್ಸ್‌ರೇ ಬಂದ ಮೇಲೆ ಗೊತ್ತಾಯಿತು, ಅವು ಬೆರಳುಗಳ ಹಿಂದಿನ ಉದ್ದ ಮೂಳೆಗಳ ಬಿರುಕುಗಳು, ಹೆಚ್ಚಾಗಿ ಎರಡನೆಯದು ಮತ್ತು ಮೂರನೆಯದರಲ್ಲಿ. ಬಿದ್ದು ಪೆಟ್ಟಾಗಿ ಮುರಿಯುವುದಲ್ಲ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ಕೊನೆಗೊಮ್ಮೆ ತುಂಡಾಗುವ ಹಾಗೆ. ನಿಮ್ಮ ಮಗ ಪಾದದ ಮೇಲ್ಭಾಗದಲ್ಲೋ ಮೊಣಕಾಲ ಕೆಳಗಿನ ಮೂಳೆಯಲ್ಲೋ ಬೆರಳಿಟ್ಟು ತೋರಿಸಬಲ್ಲ ಒಂದೇ ಜಾಗದಲ್ಲಿ ನೋವೆಂದರೆ, ಅದು ನಡೆದಷ್ಟೂ ಹೆಚ್ಚಾಗಿ ರಾತ್ರಿಯೂ ಉಳಿದರೆ, ಓಟ ಅಂದೇ ನಿಲ್ಲಬೇಕು. ಮೊದಲ ಎರಡು ಮೂರು ವಾರಗಳಲ್ಲಿ ಎಕ್ಸ್‌ರೇಯಲ್ಲಿ ಬಿರುಕು ಕಾಣದೆಯೂ ಇರಬಹುದು. ‘ಎಕ್ಸ್‌ರೇ ಚೆನ್ನಾಗಿದೆ’ ಎಂಬುದನ್ನು ‘ಓಡಬಹುದು’ ಎಂದು ಓದಿಕೊಳ್ಳಬಾರದು.

ಇದಕ್ಕೆಲ್ಲ ಬೂಟೇ ಕಾರಣ ಎಂದರೆ ಸುಳ್ಳಾಗುತ್ತದೆ. ಮೂಳೆಯ ಬಿರುಕಿನಲ್ಲಿ ದೊಡ್ಡ ಪಾಲು ಒಮ್ಮೆಲೇ ಏರಿದ ನಡಿಗೆ ಓಟಗಳದ್ದು, ಗಟ್ಟಿ ನೆಲದ ಮೇಲೆ ಹಿಮ್ಮಡಿ ಬಡಿಯುವ ಡ್ರಿಲ್‌ನದ್ದು. ಪಾದದ ಕಮಾನಿನ ಆಕಾರ ನೋಡಿ ಶೂ ಆರಿಸಿಕೊಟ್ಟರೆ ಗಾಯ ಕಡಿಮೆಯಾಗುತ್ತದೆ ಎಂದು ಬಹಳ ಕಾಲ ನಂಬಿದ್ದೆವು. ಅಮೆರಿಕದ ಸೇನೆ, ವಾಯುಪಡೆ, ಮರೀನ್ ಪಡೆಗಳ ಹೊಸಬರ ಮೇಲೆ ಸಾವಿರಾರು ಸಂಖ್ಯೆಯಲ್ಲಿ ಪರೀಕ್ಷಿಸಿದಾಗ ಹಾಗೇನೂ ಆಗಲಿಲ್ಲ. ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯ ಮೇಲೆ ನಿಲ್ಲಿಸಿ, ಬಣ್ಣಬಣ್ಣದ ಚಿತ್ರ ತೋರಿಸಿ, ಸಾವಿರಾರು ರೂಪಾಯಿಯ ಒಳಅಟ್ಟೆ ಮಾರುವವರನ್ನು ನಂಬಿ ಕೆಡಬೇಡಿ. ಉದ್ದ, ಅಗಲ, ಹಿಮ್ಮಡಿಯ ಹಿಡಿತ, ಈ ಮೂರು ಸರಿಯಾದರೆ ಬೂಟಿನ ಕೈಲಾಗುವುದರಲ್ಲಿ ಮುಕ್ಕಾಲು ಪಾಲು ಆಯಿತು ಎಂಬುದು ನನ್ನ ಅನುಭವ.

ಹೊರಗಿನ ದುಬಾರಿ ಬೂಟು ಕೂಡ ಬೇಡ ಎನ್ನುವುದು ಇದಕ್ಕಾಗಿಯೇ. ಮೊದಲನೆಯದಾಗಿ ತರಬೇತಿಯಲ್ಲಿ ಕೊಟ್ಟದ್ದನ್ನೇ ಹಾಕಬೇಕು, ಎಲ್ಲರ ನಡುವೆ ಅವನೊಬ್ಬನ ಬೂಟು ಬೇರೆಯಾದರೆ ತರಬೇತಿ ಕೊಡುವ ಉಸ್ತಾದರ ಕಣ್ಣು ಅದರ ಮೇಲೆಯೇ. ಎರಡನೆಯದಾಗಿ, ನೀವು ಇಲ್ಲಿ ಕೊಳ್ಳುವುದೂ ನಂಬರನ್ನು ನೋಡಿಯೇ ಅಲ್ಲವೇ? ಕಾಲು ಅಲ್ಲಿದೆ, ಬೂಟು ಇಲ್ಲಿದೆ. ಭಾರದ ಲೆಕ್ಕವೂ ಇದೆ. ಕಾಲಿಗೆ ಕಟ್ಟಿದ ಒಂದು ಕಿಲೋ ಬೆನ್ನ ಮೇಲಿನ ಸುಮಾರು ಐದು ಕಿಲೋಗೆ ಸಮ ಎಂದು ಉಸಿರಾಟ ಅಳೆದು ಕಂಡುಕೊಂಡಿದ್ದಾರೆ. ಪ್ರತಿ ಹೆಜ್ಜೆಗೂ ಅದನ್ನು ಎತ್ತಿ ಬೀಸಬೇಕಲ್ಲ! ನೋಡಲು ಗಡುಸಾಗಿ ಕಾಣುವ ಬೂಟುಗಳು ಬಹುತೇಕ ಭಾರದವು. ಒಂಬತ್ತರ ಬೂಟು ಎಂಟರದ್ದಕ್ಕಿಂತ ಭಾರ, ಅದೂ ಒಂದು ನಷ್ಟ. ಅದಕ್ಕಿಂತ ದೊಡ್ಡ ನಷ್ಟ ನಡಿಗೆಯದು. ಹಿಮ್ಮಡಿ ನೋಯುವವನು ಪಾದದ ಹೊರ ಅಂಚಿನ ಮೇಲೆ ನಡೆಯುತ್ತಾನೆ, ಹೆಜ್ಜೆ ಗಿಡ್ಡ ಮಾಡುತ್ತಾನೆ, ಎರಡು ವಾರದಲ್ಲಿ ಮೊಣಕಾಲು ನೋವೆಂದು ಬರುತ್ತಾನೆ. ಊರಿಗೆ ಮೊದಲಾಗಿದ್ದ ಓಟಗಾರ ಪ್ಲಟೂನಿನ ಕೊನೆಯ ಸಾಲಿಗೆ ಬೀಳುವುದು ಉಸಿರು ಸಾಲದೆ ಅಲ್ಲ.

ಹೆಣ್ಣುಮಕ್ಕಳಿಗೆ ಈ ಕಷ್ಟ ಇನ್ನೂ ಹೆಚ್ಚು. 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಸೇನಾ ಪೊಲೀಸ್ ಕೇಂದ್ರದಿಂದ 83 ಮಹಿಳಾ ಸೈನಿಕರ ಮೊದಲ ತಂಡ ಹೊರಬಂತು, ಈಗ ಹುಡುಗಿಯರೂ ಅಗ್ನಿವೀರರಾಗಿ ಹೋಗುತ್ತಿದ್ದಾರೆ. ಹೆಣ್ಣಿನ ಪಾದ ಎಂದರೆ ಗಂಡಸಿನ ಪಾದದ ಚಿಕ್ಕ ಪ್ರತಿಯಲ್ಲ. ಮುಂಗಾಲಿಗೆ ಹೋಲಿಸಿದರೆ ಹಿಮ್ಮಡಿ ಸಣ್ಣದು. ಗಂಡಸರ ಅಚ್ಚಿನ ಬೂಟನ್ನು ಎರಡು ನಂಬರು ಇಳಿಸಿ ಕೊಟ್ಟರೆ ಮುಂದೆ ಹಿಡಿಯುತ್ತದೆ, ಹಿಂದೆ ಅಲ್ಲಾಡುತ್ತದೆ. ನಿಮ್ಮ ಊರಿನ ಯಾವ ಹುಡುಗಿಯಾದರೂ ಹೊರಟಿದ್ದರೆ ಈ ಪತ್ರವನ್ನು ಅವಳಿಗೂ ಓದಿಸಿ.

ನಿಮ್ಮ ಮಗ ಈಗ ಮಾಡಬೇಕಾದದ್ದು ಇಷ್ಟು. ಈ ಭಾನುವಾರ ಸಂಜೆ, ಕಾಲುಚೀಲ ಹಾಕಿ, ಪಿಟ್ಟೂ ಹೊತ್ತು ಒಂದು ಬಿಳಿ ಹಾಳೆಯ ಮೇಲೆ ನಿಲ್ಲಲಿ. ಜೊತೆಯವನೊಬ್ಬ ಪೆನ್ಸಿಲ್ಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಯಲಿ. ಹೆಬ್ಬೆರಳಿನ ಬುಡದ ಗಂಟು ಎಲ್ಲಿದೆಯೋ ಅಲ್ಲಿ ಒಂದು ಗುರುತು. ಬೂಟಿನ ಒಳಅಟ್ಟೆ ತೆಗೆಯಲು ಬರುವುದಾದರೆ ಅದನ್ನು ತೆಗೆದು ಆ ಚಿತ್ರದ ಮೇಲೆ, ಹಿಮ್ಮಡಿಗೆ ಹಿಮ್ಮಡಿ ಹೊಂದಿಸಿ ಇಡಲಿ. ತೆಗೆಯಲು ಬಾರದಿದ್ದರೆ ಬೂಟಿನ ಅಡಿಯನ್ನೇ ಇಟ್ಟು ನೋಡಲಿ, ಅಷ್ಟು ಕರಾರುವಾಕ್ಕಾಗದಿದ್ದರೂ ಅಂದಾಜು ಸಿಗುತ್ತದೆ. ಕಿರುಬೆರಳು ಅಟ್ಟೆಯ ಅಂಚಿನಿಂದ ಹೊರಗೆ ಚಾಚಿದ್ದರೆ ಅಗಲ ಸಾಲದು. ಗಂಟಿನ ಗುರುತು ಅಟ್ಟೆಯ ಅತಿ ಅಗಲವಾದ ಜಾಗಕ್ಕಿಂತ ಹಿಂದೆ ಬಿದ್ದಿದ್ದರೆ ಉದ್ದ ಹೆಚ್ಚು. ಆಮೇಲೆ ಬೂಟು ಹಾಕಿ, ಲೇಸು ಬಿಗಿದು, ಮೆಟ್ಟಿಲು ಇಳಿಯಲಿ. ಅತಿ ಉದ್ದದ ಬೆರಳಿನ ಮುಂದೆ ಕೈಯ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗ ಬೇಕು, ಇಳಿಯುವಾಗ ತುದಿ ತಾಗಬಾರದು, ಹತ್ತುವಾಗ ಹಿಮ್ಮಡಿ ಏಳಬಾರದು.

ಆ ಹಾಳೆ ಹಿಡಿದುಕೊಂಡು ಹೋಗಿ ಬೂಟು ಬದಲಿಸಿಕೊಡಿ ಎಂದು ಕೇಳಲಿ. ಎಂಟರಲ್ಲೇ ಬೇರೆ ಬೇರೆ ಜೋಡಿಗಳನ್ನು ಹಾಕಿ ನೋಡಲಿ, ಒಂದೇ ನಂಬರಿನ ಎರಡು ತಯಾರಿಕೆಗಳು ಒಂದೇ ಅಳತೆ ಇರುವುದಿಲ್ಲ. ಉದ್ದ ಸರಿಯಾಗಿ ಅಗಲ ತುಸು ಬಿಗಿ ಎನಿಸುವ ಜೋಡಿ ಸಿಕ್ಕರೆ ಅದನ್ನೇ ಇಟ್ಟುಕೊಳ್ಳಲಿ. ಚರ್ಮ ಅಗಲಕ್ಕೆ ಒಂದಿಷ್ಟು ಹಿಗ್ಗುತ್ತದೆ, ಉದ್ದಕ್ಕೆ ಎಂದಿಗೂ ಹಿಗ್ಗುವುದಿಲ್ಲ. ಕಿರುಬೆರಳಿನ ಜಾಗದಲ್ಲಷ್ಟೇ ಚರ್ಮವನ್ನು ಉಬ್ಬಿಸಿಕೊಡುವ ಇಕ್ಕಳ ಬೂಟು ರಿಪೇರಿಯವರ ಬಳಿ ಇರುತ್ತದೆ. ಹೊಸ ಬೂಟನ್ನು ಮೊದಲ ವಾರ ಸಂಜೆ ಹೊತ್ತು ಬ್ಯಾರಕ್ಕಿನಲ್ಲಿ ಹಾಕಿ ಓಡಾಡಿ, ಆಮೇಲೆ ಓಟಕ್ಕೆ ಹಾಕಲಿ. ಅಲ್ಲಿಯವರೆಗೆ ಒಂಬತ್ತರಲ್ಲೇ ದಿನ ದೂಡಬೇಕಾದರೆ ಮುಂಗಾಲಿನ ಮೇಲಿನ ಲೇಸು ಸಡಿಲ ಬಿಟ್ಟು, ಪಾದ ಮತ್ತು ಕಾಲು ಕೂಡುವ ಮಡಿಕೆಯಲ್ಲಿ ಎರಡು ಸುತ್ತು ಹೊಸೆದು ಗಟ್ಟಿಯಾಗಿ ಬಿಗಿಯಲಿ. ಹಿಮ್ಮಡಿ ಹಿಂದಕ್ಕೆ ಕೂರುತ್ತದೆ, ಬೆರಳು ಉಸಿರಾಡುತ್ತದೆ.

ಉಳಿದದ್ದು ಅವನ ಅಂಜಿಕೆ. ಅವನಿಗೆ ಇಷ್ಟು ಹೇಳಿ: ಕಾಲು ತಪಾಸಣೆ ಸೇನೆಯಲ್ಲಿ ಯಾರೋ ಮಾಡುವ ಉಪಕಾರವಲ್ಲ, ಪ್ಲಟೂನಿನವರ ಪಾದ ನೋಡುವುದು ಮೇಲಿನವರ ಕೆಲಸದ ಭಾಗ. ನನ್ನ ಮುಂದೆ ಸಾಲುಗಟ್ಟಿ ನಿಂತ ಹುಡುಗರಲ್ಲಿ ಮೊದಲ ವಾರವೇ ‘ಬೂಟು ಕಚ್ಚುತ್ತಿದೆ ಸಾಬ್’ ಎಂದವನನ್ನು ಎರಡು ದಿನ ಓಟ ಬಿಡಿಸಿ ಕಳಿಸುತ್ತಿದ್ದೆ. ಆರನೇ ವಾರದವರೆಗೆ ಹಲ್ಲು ಕಚ್ಚಿ ಕುಂಟಿಕೊಂಡು ಬಂದವನನ್ನು ಎರಡು ತಿಂಗಳು ಮಲಗಿಸಬೇಕಾಗುತ್ತಿತ್ತು, ಅವನು ತನ್ನ ನಂತರ ಬಂದ ತಂಡದ ಜೊತೆ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ. ನಿಮ್ಮ ಹುಡುಗನಿಗೆ ಈಗ ಆರನೇ ವಾರ. ಭಾನುವಾರ ಹಾಳೆಯ ಮೇಲೆ ಗೆರೆ ಎಳೆಯಲಿ, ಸೋಮವಾರ ಬೆಳಿಗ್ಗೆ ಎಂಐ ರೂಮಿಗೆ ಹೋಗಿ ಬೊಬ್ಬೆಯನ್ನೂ ಹಾಳೆಯನ್ನೂ ಒಟ್ಟಿಗೆ ತೋರಿಸಲಿ.